ಮಗು ಎನ್‌ಐಸಿಯುನಲ್ಲಿ, ನೀವು ವಾರ್ಡಿನಲ್ಲಿ: ಎದೆಹಾಲಿನ ವಿಷಯದಲ್ಲಿ ಯಾವುದನ್ನು ಆರಿಸಿಕೊಳ್ಳುವುದು?

ನನ್ನ ಮಗಳು ಹುಟ್ಟಿದ್ದು 30 ವಾರಕ್ಕೆ. ತೂಕ 1 ಕೆಜಿ 240 ಗ್ರಾಂ. ಅವಳು ಮೊದಲ ಮಹಡಿಯ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ನಾನು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಮೂರನೇ ಮಹಡಿಯ ವಾರ್ಡಿನಲ್ಲಿ. ಮರುದಿನ ಬೆಳಿಗ್ಗೆ ಅಮ್ಮ ಕುದಿಸಿದ ಸ್ಟೀಲ್ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಿದ್ದಳು, ನಾನು ಕೈಯಲ್ಲಿ ಹಿಂಡಿದೆ. ಇಪ್ಪತ್ತು ನಿಮಿಷಕ್ಕೆ ಸಿರಿಂಜಿಗೆ ಬಂದದ್ದು ಅರ್ಧ ಎಂಎಲ್‌ಗಿಂತ ಚೂರು ಜಾಸ್ತಿ. ಜೇನುತುಪ್ಪದ ಬಣ್ಣ, ಬಟ್ಟಲಿಗೇ ಅಂಟಿಕೊಂಡಿತ್ತು. ನಮ್ಮನೆಯವರು ಅದನ್ನು ಕೆಳಗೆ ಒಯ್ದರು. ಹತ್ತು ನಿಮಿಷಕ್ಕೆ ಅದೇ ಸಿರಿಂಜ್ ವಾಪಸ್ ಬಂತು. "ಪೌಡರ್ ಶುರು ಮಾಡಿದಾರಂತೆ ಕಣೇ. ಇಷ್ಟು ಸ್ವಲ್ಪ ಯಾತಕ್ಕೂ ಆಗಲ್ಲ ಅಂದ್ರು."

ಆ ಮಾತು ತಪ್ಪು. ಅವತ್ತು ಅದು ನನಗೆ ಗೊತ್ತಿರಲಿಲ್ಲ, ಸುಮ್ನೆ ಗೋಡೆ ಕಡೆ ತಿರುಗಿ ಮಲಗಿದೆ. ರಾತ್ರಿ ಪಾಳಿಗೆ ಬಂದ ಇನ್ನೊಬ್ಬ ಸಿಸ್ಟರ್ ಅಂಥದ್ದೇ ನಾಲ್ಕು ಹನಿಯನ್ನು ಹತ್ತಿ ಕಡ್ಡಿಗೆ ಅದ್ದಿ ಮಗುವಿನ ಕೆನ್ನೆಯ ಒಳಗೆ ಸವರಿದರಂತೆ. ಮಗು ಬಾಯಿ ಚಪ್ಪರಿಸಿತು ಅಂತ ನಮ್ಮನೆಯವರು ಮೇಲೆ ಬಂದು ಹೇಳಿದರು. ಒಂದೇ ಆಸ್ಪತ್ರೆ, ಒಂದೇ ದಿನ, ಎರಡು ಪಾಳಿ.

ಇವತ್ತು ಅದೇ ಥರ ಹಾಸಿಗೆಯಲ್ಲಿ ಮಲಗಿ ಫೋನ್ ನೋಡುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ನಲವತ್ತೊಂದು ದಿನ ಎನ್‌ಐಸಿಯು ಬಾಗಿಲಲ್ಲಿ ಚಪ್ಪಲಿ ಬಿಟ್ಟವಳು, ಅಷ್ಟೇ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಿ. ಎಲ್ಲರೂ ಕೇಳೋದು "ಎದೆಹಾಲಾ, ಪೌಡರಾ?" ಅಂತ. ಎನ್‌ಐಸಿಯುನಲ್ಲಿ ಅದು ಒಂದು ಪ್ರಶ್ನೆ ಅಲ್ಲ, ಮೂರು. ಯಾವ ಹಾಲು, ಅದನ್ನು ತೆಗೆಯೋದು ಹೇಗೆ, ಮಗುವಿನ ಹೊಟ್ಟೆಗೆ ಹೋಗೋದು ಹೇಗೆ. "ಮಗುಗೆ ಈಗ ಹೀರೋಕೆ ಆಗಲ್ಲ" ಎಂದು ಡಾಕ್ಟರ್ ಹೇಳಿದ್ದು ಮೂರನೇ ಪ್ರಶ್ನೆಗೆ ಉತ್ತರ. ಮನೆಯವರ ಕಿವಿಗೆ ಅದು "ತಾಯಿ ಹಾಲು ಕೊಡೋ ಹಾಗಿಲ್ಲ" ಎಂದು ಬೀಳುತ್ತದೆ. ಅಲ್ಲೇ ಎರಡು ಮೂರು ದಿನ ಕೈತಪ್ಪುತ್ತದೆ, ಆ ಎರಡು ಮೂರು ದಿನವೇ ಮುಂದೆ ಎಷ್ಟು ಹಾಲು ಬರುತ್ತದೆ ಎನ್ನುವುದಕ್ಕೆ ತುಂಬಾ ಮುಖ್ಯ.

ಯಾವ ಹಾಲು?

ಸರದಿ ಹೀಗಿದೆ: ನಿಮ್ಮ ಹಾಲು, ಅದು ಸಾಲದಿದ್ದರೆ ಬ್ಯಾಂಕಿನ ಹಾಲು (ಬೇರೆ ತಾಯಂದಿರು ಹಾಲಿನ ಬ್ಯಾಂಕಿಗೆ ದಾನ ಕೊಟ್ಟದ್ದು), ಅದೂ ಸಿಗದಿದ್ದರೆ ಪೌಡರ್. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅವಧಿಗೆ ಮೊದಲು ಹುಟ್ಟಿದ ಮಕ್ಕಳಿಗಾಗಿ ಕೊಟ್ಟ ಸಲಹೆಯಲ್ಲೂ ತಾಯಿಯ ಹಾಲೇ ಮೊದಲು. ತುಂಬಾ ಬೇಗ ಹುಟ್ಟಿದವಕ್ಕೆ, ಅಂದರೆ 32 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ ಒಂದೂವರೆ ಕೆಜಿಗಿಂತ ಕಡಿಮೆ ಇರುವ ಮಕ್ಕಳಿಗೆ, ತಾಯಿಯ ಹಾಲು ಇಲ್ಲದಾಗ ದಾನದ ಹಾಲನ್ನು ಯೋಚಿಸಬಹುದು ಎಂದಿದೆ.

ಇದಕ್ಕೆ ಕಾರಣ ಬರೀ "ತಾಯಿ ಹಾಲು ಅಮೃತ" ಎಂಬ ಮಾತಲ್ಲ. ಪುಟ್ಟ ಮಕ್ಕಳ ಕರುಳು ಇನ್ನೂ ಹಣ್ಣಾಗಿರುವುದಿಲ್ಲ, ಕೆಲವರಲ್ಲಿ ಅದು ಉರಿಯೂತವಾಗಿ ಕೊಳೆಯುವ ತನಕ ಹೋಗುತ್ತದೆ. ಎನ್‌ಐಸಿಯುನಲ್ಲಿ ಇದಕ್ಕೆ ಎನ್‌ಇಸಿ ಅನ್ನುತ್ತಾರೆ, ಆ ಮೂರಕ್ಷರ ಅಲ್ಲಿ ಎಲ್ಲರಿಗೂ ಭಯ. ಪೌಡರ್ ಕುಡಿದ ಮಕ್ಕಳಿಗಿಂತ ಮನುಷ್ಯರ ಹಾಲು ಕುಡಿದ ಮಕ್ಕಳಲ್ಲಿ ಇದು ಕಡಿಮೆ. ಇನ್ನೊಂದು ವಿಚಿತ್ರ ನೋಡಿ, ಬೇಗ ಹೆತ್ತ ತಾಯಿಯ ಹಾಲಿನಲ್ಲಿ ಮೊದಲ ಕೆಲವು ವಾರ ಪ್ರೋಟೀನ್ ಜಾಸ್ತಿ ಇರುತ್ತದೆ. ಮಗು ಬೇಗ ಬಂತು ಎನ್ನುವುದು ಎದೆಗೂ ಗೊತ್ತಾದ ಹಾಗೆ.

ಬ್ಯಾಂಕಿನ ಹಾಲು ಅಂದಾಗ ನಮ್ಮತ್ತೆ ಮುಖ ಸಿಂಡರಿಸಿದರು, "ಯಾರದ್ದೋ ಹಾಲಾ?" ಅಂತ. ದಾನ ಕೊಡುವ ತಾಯಿಯ ರಕ್ತಪರೀಕ್ಷೆ ಆಗಿರುತ್ತದೆ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಕ್ರಿಮಿ ಸಾಯಿಸಿರುತ್ತಾರೆ, ಆಮೇಲೆ ಮತ್ತೆ ಪರೀಕ್ಷೆ ಮಾಡುತ್ತಾರೆ. ಇದು ಹೊಸದೂ ಅಲ್ಲ. ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲೇ ಹಾಲಿನ ಬ್ಯಾಂಕ್ ತೆರೆದಿದ್ದರು. ನಮ್ಮಲ್ಲಿ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿದೆ. ಕೊರತೆ ಏನು ಅಂದರೆ, ಕಾಯಿಸುವಾಗ ರೋಗದ ವಿರುದ್ಧ ಹೋರಾಡುವ ಕೆಲವು ಅಂಶಗಳು ಹೋಗುತ್ತವೆ. ದಾನ ಕೊಡುವವರು ಹೆಚ್ಚಾಗಿ ತಿಂಗಳು ತುಂಬಿ ಹೆತ್ತವರು, ಹಾಗಾಗಿ ಪ್ರೋಟೀನ್ ಸ್ವಲ್ಪ ಕಮ್ಮಿ. ಅದಕ್ಕೇ ಬ್ಯಾಂಕಿನ ಹಾಲು ನಿಮ್ಮ ಹಾಲು ಬರುವ ತನಕದ ಸೇತುವೆ, ನನ್ನ ಪ್ರಕಾರ ಅಷ್ಟೇ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಕೊಡುತ್ತೇವೆ ಎಂದ ಹಾಲನ್ನು ಎನ್‌ಐಸಿಯು ಮಗುವಿಗೆ ಖಂಡಿತ ತರಬೇಡಿ. ದುಡ್ಡು ಕೇಳಿದರೆ ಇನ್ನೂ ಬೇಡ, ಮನುಷ್ಯರ ಹಾಲನ್ನು ಮಾರುವ ಹಾಗಿಲ್ಲ ಎಂದು ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಪೌಡರ್ ವಿಷ ಅಲ್ಲ. ನನ್ನ ಮಗಳೂ ಕುಡಿದಿದ್ದಾಳೆ, ಮೊದಲ ಐದು ದಿನ. ಆದರೆ ಅದು ಮೂರನೇ ಸ್ಥಾನದಲ್ಲಿ ಇರಬೇಕಾದದ್ದು, ಸಿಬ್ಬಂದಿಗೆ ಸುಲಭ ಅಂತ ಮೊದಲನೇ ಸ್ಥಾನಕ್ಕೆ ಬರಬಾರದು. ನಮ್ಮ ದೇಶದಲ್ಲಿ 1992ರ ಕಾಯ್ದೆ ಒಂದಿದೆ, ಪೌಡರ್ ಹಾಲು ಮತ್ತು ಬಾಟಲಿಯ ಜಾಹೀರಾತು ಮಾಡುವಂತಿಲ್ಲ, ತಾಯಂದಿರಿಗೆ ಕಂಪನಿಯವರು ಸ್ಯಾಂಪಲ್ ಕೊಡುವಂತಿಲ್ಲ. ಯಾರಾದರೂ ಉಚಿತ ಡಬ್ಬಿ ಕೈಗಿಟ್ಟರೆ ವಾಪಸ್ ಕೊಡಿ.

ಒಂದು ಗೊಂದಲ ಬೇಡ. ತುಂಬಾ ಚಿಕ್ಕ ಮಕ್ಕಳಿಗೆ ತಾಯಿಯ ಹಾಲಿಗೇ ಒಂದು ಪುಡಿ ಬೆರೆಸುತ್ತಾರೆ, ಫೋರ್ಟಿಫೈಯರ್ ಅಂತ, ಸಣ್ಣ ಸ್ಯಾಶೆಯಲ್ಲಿ ಬರುತ್ತದೆ. ಅದು ಪೌಡರ್ ಹಾಲಲ್ಲ. ಮೂಳೆ ಬೆಳೆಯೋಕೆ, ತೂಕ ಏರೋಕೆ ಬೇಕಾದದ್ದನ್ನು ಹಾಲಿಗೆ ಸೇರಿಸುವುದು. ನಾನು ಗೊತ್ತಿಲ್ಲದೆ ಜಗಳ ಮಾಡಿ ಆಮೇಲೆ ನಾಚಿಕೊಂಡೆ.

ಕೈಯಾ, ಪಂಪಾ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಮಿಕ್ಕಿದ್ದೆಲ್ಲ ಇದರ ಮೇಲೆ ನಿಂತಿದೆ. ಎದೆ ಖಾಲಿಯಾದಷ್ಟೂ ಹಾಲು ಬರುತ್ತದೆ. ಮಗು ಹೀರಿ ಖಾಲಿ ಮಾಡಬೇಕಿತ್ತು, ಮಗು ಇಲ್ಲ, ಹಾಗಾಗಿ ಆ ಕೆಲಸ ನಿಮ್ಮದು. ಹೆರಿಗೆಯಾದ ಆರು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, ಮೊದಲ ಗಂಟೆಯಲ್ಲೇ ಆದರೆ ಇನ್ನೂ ಒಳ್ಳೆಯದು. ಆಮೇಲೆ ದಿನಕ್ಕೆ ಎಂಟರಿಂದ ಹತ್ತು ಸಲ, ರಾತ್ರಿ ಒಂದು ಸಲವಾದರೂ. ಹಾಲು ತರಿಸುವ ಹಾರ್ಮೋನು ರಾತ್ರಿ ಜಾಸ್ತಿ, ರಾತ್ರಿ ಎರಡು ಗಂಟೆಯ ಸರದಿಯನ್ನು ಬಿಡಬೇಡಿ ಅನ್ನುವುದು ಅದಕ್ಕೇ.

ಮೊದಲ ಮೂರು ದಿನಕ್ಕೆ ನನ್ನ ಮತ ಕೈಗೇ. ಮೊದಲ ಹಳದಿ ಹಾಲು, ಗಿಣ್ಣು ಹಾಲು, ಗಟ್ಟಿ ಮತ್ತು ಸ್ವಲ್ಪ. ಪಂಪಿನಲ್ಲಿ ಹಾಕಿದರೆ ಅರ್ಧ ಪೈಪಿಗೇ ಅಂಟಿ ಹೋಗುತ್ತದೆ. ಕೈಯಲ್ಲಿ ಹಿಂಡಿದರೆ ಒಂದೊಂದು ಹನಿಯನ್ನೂ ಸಿರಿಂಜಿನಲ್ಲಿ ಎತ್ತಿಕೊಳ್ಳಬಹುದು. ಮಾಡುವ ರೀತಿ: ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ. ಮೊದಲು ಎದೆಗೂಡಿನ ಕಡೆ ಒಳಗೆ ಒತ್ತಿ, ಆಮೇಲೆ ಬೆರಳು ಎರಡನ್ನೂ ಒಂದಕ್ಕೊಂದು ತಂದು ಒತ್ತಿ, ಬಿಡಿ. ತೊಟ್ಟನ್ನು ಎಳೆಯಬೇಡಿ, ಚರ್ಮದ ಮೇಲೆ ಉಜ್ಜಬೇಡಿ. ನೋವಾದರೆ ಬೆರಳು ಇಟ್ಟ ಜಾಗ ತಪ್ಪಾಗಿದೆ ಅಂತ ಅರ್ಥ. ಬೆರಳನ್ನು ಗಡಿಯಾರದ ಮುಳ್ಳಿನ ಹಾಗೆ ಸುತ್ತ ತಿರುಗಿಸುತ್ತಾ ಹೋಗಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎರಡು ನಿಮಿಷ ಎದೆಗೆ ಇಟ್ಟರೆ ಸಲೀಸು. ನನಗೆ ಅದಕ್ಕಿಂತ ಕೆಲಸ ಮಾಡಿದ್ದು ಮಗಳ ಟೋಪಿ. ಸಿಸ್ಟರ್ ಹಳೆ ಟೋಪಿ ಕೊಟ್ಟಿದ್ದರು, ಅದನ್ನು ಮೂಗಿಗೆ ಹಿಡಿದರೆ ಹನಿ ಸಾಲು ಬರುತ್ತಿತ್ತು. ನಗಬೇಡಿ.

ನಾಲ್ಕನೇ ದಿನದ ಹೊತ್ತಿಗೆ ಎದೆಯಲ್ಲಿ ಹಾಲು ತುಂಬಿ ಬರಲು ಶುರುವಾಗುತ್ತದೆ, ಸಿಸೇರಿಯನ್ ಆದವರಿಗೆ, ಬೇಗ ಹೆತ್ತವರಿಗೆ ಒಂದೆರಡು ದಿನ ತಡವಾಗಬಹುದು. ಅಲ್ಲಿಂದ ದಿನಕ್ಕೆ ಎಂಟು ಸಲ ಬರೀ ಕೈಯಲ್ಲಿ ಅಂದರೆ ಮಣಿಕಟ್ಟು ಬಿದ್ದುಹೋಗುತ್ತದೆ. ದುಡ್ಡಿದ್ದರೆ ಎರಡೂ ಕಡೆ ಒಟ್ಟಿಗೆ ಹಾಕುವ ಕರೆಂಟಿನ ಪಂಪ್, ಅದೂ ಆಸ್ಪತ್ರೆ ಬಳಕೆಯ ದೊಡ್ಡದನ್ನು ಬಾಡಿಗೆಗೆ ತನ್ನಿ. ಬೆಂಗಳೂರಿನಂಥ ಊರಲ್ಲಿ ಸಿಗುತ್ತದೆ, ಒಂದೆರಡು ತಿಂಗಳಿಗೆ ಕೊಳ್ಳುವುದಕ್ಕಿಂತ ಅದೇ ಮೇಲು. ಒಂದೇ ಕಡೆ ಎಳೆಯುವ ಚಿಕ್ಕ ಬ್ಯಾಟರಿ ಪಂಪ್ ಆಫೀಸಿಗೆ ಹೋಗುವ ತಾಯಿಗೆ ಸರಿ, ಮಗು ಹೀರದೇ ಇರುವಾಗ ಅದನ್ನೇ ನಂಬಿಕೊಂಡರೆ ಹಾಲು ನಿಧಾನಕ್ಕೆ ಇಳಿಮುಖ. ಕೈಯಲ್ಲಿ ಒತ್ತುವ ಪಂಪ್ ಅಗ್ಗ, ಕರೆಂಟ್ ಹೋದಾಗ, ಬಸ್ಸಿನಲ್ಲಿ ಕೆಲಸಕ್ಕೆ ಬರುತ್ತದೆ. ರಬ್ಬರ್ ಬುಗ್ಗೆ ಇರುವ ಹಳೇ ಗಾಜಿನ ಪಂಪನ್ನು ಔಷಧಿ ಅಂಗಡಿಯವರು ಈಗಲೂ ಕೊಡುತ್ತಾರೆ, ತರಬೇಡಿ. ಆ ಬುಗ್ಗೆಯ ಒಳಗೆ ತೊಳೆಯೋಕೇ ಆಗಲ್ಲ.

ಯಾವ ಪಂಪ್ ಆದರೂ ಎದೆಗೆ ಹಿಡಿಯುವ ಬಟ್ಟಲಿನ ಅಳತೆ ನೋಡಿ. ಚಿಕ್ಕದಾದರೆ ತೊಟ್ಟು ಉಜ್ಜಿ ಗಾಯವಾಗುತ್ತದೆ, ದೊಡ್ಡದಾದರೆ ಹಾಲು ಸರಿಯಾಗಿ ಬರುವುದಿಲ್ಲ. ಪಂಪ್ ಆದ ಮೇಲೆ ಎರಡು ನಿಮಿಷ ಕೈಯಲ್ಲಿ ಹಿಂಡಿ. ಆ ಕೊನೆಯ ಹಾಲಿನಲ್ಲೇ ಕೊಬ್ಬು ಜಾಸ್ತಿ.

ಪಂಪ್ ಕೊಳ್ಳಲು ಆಗದವರು ಹಿಂದೆ ಬಿದ್ದ ಹಾಗೆ ಅಂದುಕೊಳ್ಳಬೇಡಿ. ನನ್ನ ಪಕ್ಕದ ಹಾಸಿಗೆಯಲ್ಲಿದ್ದ ರಾಯಚೂರು ಕಡೆಯ ಹುಡುಗಿಗೆ ಇದ್ದದ್ದು ಎರಡು ಸ್ಟೀಲ್ ಲೋಟ ಮಾತ್ರ. ನನ್ನ ಬಾಡಿಗೆ ಪಂಪಿಗಿಂತ ಅವಳ ಕೈಯಿಗೇ ಜಾಸ್ತಿ ಹಾಲು ಬರುತ್ತಿತ್ತು. "ಅಕ್ಕ, ನಮ್ಮಲ್ಲಿ ಎಮ್ಮೆ ಅದಾವ್ರಿ" ಅಂತ ನಗುತ್ತಿದ್ದಳು.

ಗುರಿ ಎಷ್ಟು ಅಂದರೆ, ಎರಡು ವಾರದ ಹೊತ್ತಿಗೆ ದಿನಕ್ಕೆ ಸುಮಾರು 500 ಎಂಎಲ್ ಅನ್ನುತ್ತಾರೆ. ಮಗು ಕುಡಿಯೋದು 200, ಅಷ್ಟೊಂದು ಯಾಕೆ ಅಂತ ನಾನೂ ಕೇಳಿದ್ದೆ. ಮಗು ಬೆಳೆಯುತ್ತದೆ, ಎದೆ ಲೆಕ್ಕ ಹಾಕಿಕೊಳ್ಳುವುದು ಈ ಮೊದಲ ವಾರಗಳಲ್ಲಿ. ನನಗೆ 500 ಯಾವತ್ತೂ ಆಗಲಿಲ್ಲ. 380ಕ್ಕೆ ನಿಂತಿತು, ನಡೆಯಿತು.

ಊಟದ ಬಗ್ಗೆ ಒಂದೇ ಮಾತು. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನುಂಡೆ ಎಲ್ಲ ತಿನ್ನಿ, ಚೆನ್ನಾಗಿರುತ್ತೆ. ಆದರೆ "ಬಾಣಂತಿಗೆ ನೀರು ಜಾಸ್ತಿ ಬೇಡ" ಅಂತ ಲೋಟ ಎತ್ತಿಡುವವರ ಮಾತು ಕೇಳಬೇಡಿ. ಬಾಯಾರಿದಷ್ಟು ಕುಡಿಯಿರಿ.

ಟ್ಯೂಬ್, ಒಳಲೆ, ಬಾಟಲಿ, ಎದೆ

ಹೀರುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳಲು ಮಗುವಿಗೆ ಸುಮಾರು 34 ವಾರ ಆಗಬೇಕು. ಅಲ್ಲಿಯ ತನಕ ಬಾಯಿಯಿಂದಲೋ ಮೂಗಿನಿಂದಲೋ ಹೊಟ್ಟೆಗೆ ಇಳಿಸಿದ ತೆಳ್ಳನೆ ಟ್ಯೂಬ್. ನೋಡೋಕೆ ಕಷ್ಟ, ಆದರೆ ಇಲ್ಲಿ ಆಯ್ಕೆ ಮಾಡಲು ಏನೂ ಇಲ್ಲ. ನೀವು ಕೇಳಬೇಕಾದದ್ದು ಟ್ಯೂಬಿನೊಳಗೆ ಯಾರ ಹಾಲು ಅಂತ ಮಾತ್ರ. 1.2 ಕೆಜಿ ಮಗುವಿಗೆ ಶುರುವಿನಲ್ಲಿ ಸಾಮಾನ್ಯವಾಗಿ ಒಂದೆರಡು ಎಂಎಲ್ ಅಷ್ಟೇ ಕೊಡುವುದು. ನನ್ನ ಅರ್ಧ ಎಂಎಲ್ ಯಾತಕ್ಕೂ ಆಗಲ್ಲ ಅಂದರಲ್ಲ, ಅದು ಅರ್ಧ ಊಟ.

ಟ್ಯೂಬ್ ತೆಗೆಯುವ ಹೊತ್ತಿಗೆ ನಿಜವಾದ ಆಯ್ಕೆ ಬರುತ್ತದೆ. ನಮ್ಮ ಅಜ್ಜಿಯರ ಒಳಲೆ ಇದೆಯಲ್ಲ, ಕೊಕ್ಕಿನ ಥರ ಮೂತಿ ಇರುವ ಪುಟ್ಟ ಬಟ್ಟಲು, ಎನ್‌ಐಸಿಯುನಲ್ಲಿ ಅದನ್ನೇ ಪಲಡೈ ಅನ್ನುತ್ತಾರೆ. ಬಾಟಲಿಗಿಂತ ಅದೇ ವಾಸಿ. ಎದೆ ಹೀರುವುದಕ್ಕೂ ಬಾಟಲಿ ನಿಪ್ಪಲ್ ಚೀಪುವುದಕ್ಕೂ ಬಾಯಿಯ ಕೆಲಸ ಬೇರೆ, ಬಾಟಲಿಯಿಂದ ಸಲೀಸಾಗಿ ಸುರಿದು ಅಭ್ಯಾಸವಾದ ಮಗು ಎದೆಯಲ್ಲಿ ಸಿಟ್ಟು ಮಾಡಿಕೊಳ್ಳುತ್ತದೆ. ಒಳಲೆಯನ್ನು ಕುದಿಸುವುದೂ ಸುಲಭ. ಆದರೆ ಬಾಯಿಗೆ ಸುರಿಯಬಾರದು, ತುಟಿಗೆ ತಾಗಿಸಿ ಸ್ವಲ್ಪ ಬಗ್ಗಿಸಬೇಕು, ಮಗು ನುಂಗಿದ ಮೇಲೆ ಮತ್ತೆ. ಮನೆಯಲ್ಲಿ ಆತುರ ಪಡುವ ಹಿರಿಯರು ಗಟಗಟ ಸುರಿದರೆ ಹಾಲು ಶ್ವಾಸಕ್ಕೆ ಹೋಗುತ್ತದೆ. ಸಿಸ್ಟರ್ ಎದುರಿಗೆ ನೀವೇ ನಾಲ್ಕೈದು ಸಲ ಕುಡಿಸಿ ಕಲಿಯಿರಿ.

ಎದೆಗೆ ಹಾಕುವುದನ್ನು ಮಾತ್ರ ಕೊನೆಯ ಮೆಟ್ಟಿಲು ಅಂತ ಕಾಯಬೇಡಿ. ಹಾಲು ಹಿಂಡಿ ಖಾಲಿ ಮಾಡಿದ ಎದೆಗೆ ಮಗುವನ್ನು ಹಿಡಿದರೆ ಅದು ಸುಮ್ನೆ ನೆಕ್ಕುತ್ತದೆ, ಬಾಯಿ ಹಾಕಿ ನೋಡುತ್ತದೆ, ಉಸಿರುಗಟ್ಟುವ ಭಯವೂ ಕಮ್ಮಿ. ಮಗುವಿನ ಉಸಿರಾಟ ಸ್ಥಿರವಾಗಿದ್ದರೆ ಟ್ಯೂಬ್ ಇರುವಾಗಲೇ ಇದನ್ನು ಕೇಳಬಹುದು.

ಇದರ ಜೊತೆಗೆ ಕಾಂಗರೂ ಆರೈಕೆ. ಮಗುವಿಗೆ ಟೋಪಿ, ಕಾಲುಚೀಲ, ಡೈಪರ್ ಮಾತ್ರ, ನಿಮ್ಮ ಬರಿ ಎದೆಯ ಮೇಲೆ ಕಪ್ಪೆಯ ಹಾಗೆ ನೇರವಾಗಿ ಮಲಗಿಸಿ ಮೇಲೆ ಬಟ್ಟೆ ಕಟ್ಟುವುದು. ಇನ್ಕ್ಯುಬೇಟರ್ ಸಾಲದ ಕೊಲಂಬಿಯಾದ ಬೊಗೋಟಾದಲ್ಲಿ 1978ರ ಹೊತ್ತಿಗೆ ಶುರುವಾದದ್ದು, ಆದರೆ ಈಗ ಬಡವರ ಬದಲಿ ವ್ಯವಸ್ಥೆ ಅಲ್ಲ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಗು ಸ್ಥಿರವಾಗುವ ತನಕ ಕಾಯದೆ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದ್ದಕ್ಕೆ ಸಾವು ಶೇಕಡ 25ರಷ್ಟು ಕಡಿಮೆಯಾಗಿತ್ತು. ನಮ್ಮ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲೂ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದಾರೆ. ಅಪ್ಪನೂ ಮಾಡಬಹುದು. ಆದರೆ ಹಾಲಿನ ವಿಷಯಕ್ಕೆ ತಾಯಿಯೇ ಮಾಡಿದರೆ ಲಾಭ, ಮಗು ಎದೆಯಿಂದ ಎದ್ದ ಕೂಡಲೇ ಪಂಪ್ ಹಾಕಿದರೆ ಅವತ್ತಿನ ಜಾಸ್ತಿ ಹಾಲು ಅದೇ.

ಯಾರನ್ನು ಕೇಳುವುದು, ಹೇಗೆ ಕೇಳುವುದು

ಮೂರು ದಾರಿ ಇವೆ, ನಾನು ಮೂರೂ ಪ್ರಯತ್ನಿಸಿದ್ದೇನೆ. ಒಂದು, ಅವರಿಗೆ ಗೊತ್ತಿರುತ್ತೆ ಅಂತ ಸುಮ್ಮನಿರುವುದು. ಐದು ದಿನ ಪೌಡರ್ ಹೋಯಿತು. ಎರಡು, ಕೂಗಾಡುವುದು. ನಮ್ಮ ಮೈದುನ ಒಂದು ಸಂಜೆ ಬಾಗಿಲಲ್ಲಿ ಕೂಗಾಡಿದ, ಆಮೇಲೆ ಎರಡು ದಿನ ಸಿಸ್ಟರುಗಳು ನನ್ನ ಮುಖ ನೋಡಲಿಲ್ಲ. ಮೂರನೆಯದು, ದಿನಾ ಒಂದೇ ಪ್ರಶ್ನೆಯನ್ನು ರೌಂಡ್ಸ್ ಹೊತ್ತಿಗೆ ಕೇಳುವುದು: "ಡಾಕ್ಟ್ರೇ, ನಿನ್ನೆ ಮಗುಗೆ ಒಟ್ಟು ಎಷ್ಟು ಎಂಎಲ್ ಹೋಯ್ತು? ಅದ್ರಲ್ಲಿ ನನ್ನ ಹಾಲು ಎಷ್ಟು?" ಈ ಪ್ರಶ್ನೆಗೆ ಫೈಲ್ ತೆಗೆದು ನೋಡಲೇಬೇಕು. ಮೂರನೇ ದಿನಕ್ಕೆ ನಾನು ಕೇಳುವ ಮೊದಲೇ ಸಿಸ್ಟರ್ ಲೆಕ್ಕ ಹೇಳುತ್ತಿದ್ದರು.

ಇನ್ನೊಂದು ಕೆಲಸ ಮಾಡಿ. "ತಾಯಿಯ ಹಾಲು ಮುಗಿದರೆ ಪೌಡರ್ ಕೊಡುವ ಮೊದಲು ಫೋನ್ ಮಾಡುವುದು" ಅಂತ ಫೈಲಿನಲ್ಲಿ ಬರೆಯಿಸಿ. ಪಾಳಿ ಬದಲಾದಾಗ ಬಾಯಿ ಮಾತು ಉಳಿಯಲ್ಲ, ಬರೆದದ್ದು ಉಳಿಯುತ್ತದೆ. ಎದೆಹಾಲಿನ ಸಲಹೆಗಾರರು ಇದ್ದಾರಾ ಎಂದೂ ಕೇಳಿ, ದೊಡ್ಡ ಆಸ್ಪತ್ರೆಗಳಲ್ಲಿ ಇರುತ್ತಾರೆ. ಜಿಲ್ಲಾಸ್ಪತ್ರೆಯ ಎಸ್‌ಎನ್‌ಸಿಯು (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಆದರೆ ಹಳೇ ಸ್ಟಾಫ್ ನರ್ಸೇ ನಿಮಗೆ ಸಲಹೆಗಾರ್ತಿ, ಅನುಭವದಲ್ಲಿ ಕಮ್ಮಿ ಇಲ್ಲ.

"ನೀವು ಬಿಪಿ ಮಾತ್ರೆ ತಗೋತಿದ್ದೀರಾ, ಹಾಲು ಬೇಡ" ಅಂತ ಯಾರಾದರೂ ಹೇಳಿದರೆ ಮಾತ್ರೆಯ ಹೆಸರು ಹಿಡಿದು ಮಕ್ಕಳ ಡಾಕ್ಟರನ್ನೇ ಕೇಳಿ. ಸಾಮಾನ್ಯ ಆಂಟಿಬಯಾಟಿಕ್, ನೋವಿನ ಮಾತ್ರೆ, ಹೆರಿಗೆ ಸಮಯದ ಬಿಪಿ ಮಾತ್ರೆಗಳಲ್ಲಿ ಹೆಚ್ಚಿನವಕ್ಕೆ ಹಾಲು ನಿಲ್ಲಿಸಬೇಕಿಲ್ಲ. ನಿಜವಾಗಲೂ ಬೇಡ ಅನ್ನುವ ಸಂದರ್ಭಗಳೂ ಇವೆ, ಕ್ಯಾನ್ಸರ್ ಔಷಧಿ ನಡೆಯುತ್ತಿದ್ದರೆ, ಮಗುವಿಗೆ ಗ್ಯಾಲಕ್ಟೋಸೀಮಿಯಾ (ಹಾಲಿನ ಸಕ್ಕರೆ ಮೈಗೆ ಒಗ್ಗದ, ಹುಟ್ಟಿನಿಂದ ಬರುವ ಅಪರೂಪದ ಕಾಯಿಲೆ) ಇದ್ದರೆ. ಆಗ ವಾದ ಮಾಡಬೇಡಿ. ಎರಡು ದಿನ ಮಾತ್ರ ಬೇಡ ಎಂದರೆ ಆ ಎರಡು ದಿನವೂ ಹಿಂಡಿ ಚೆಲ್ಲಿ, ನಿಲ್ಲಿಸಬೇಡಿ.

ನಿಮ್ಮನ್ನು ಡಿಸ್ಚಾರ್ಜ್ ಮಾಡಿ ಮಗು ಅಲ್ಲೇ ಉಳಿದಾಗ

ಆಸ್ಪತ್ರೆ ಹತ್ತಿರ ರೂಮ್ ಮಾಡುವುದೋ, ಮನೆಯಿಂದ ಹಾಲು ಕಳಿಸುವುದೋ? ಒಂದು ಗಂಟೆಗಿಂತ ದೂರ ಇದ್ದರೆ, ಸಾಲ ಮಾಡಿಯಾದರೂ ಮೊದಲ ಎರಡು ವಾರ ಹತ್ತಿರ ಇರಿ ಅನ್ನುತ್ತೇನೆ. ಮೊದಲು ಆಸ್ಪತ್ರೆಯಲ್ಲೇ ತಾಯಂದಿರ ವಾರ್ಡ್ ಇದೆಯಾ ಕೇಳಿ, ಎಷ್ಟೋ ಕಡೆ ಇರುತ್ತದೆ, ಯಾರೂ ಹೇಳುವುದಿಲ್ಲ. ಮನೆಯಿಂದಲೇ ಆದರೆ ಐಸ್ ಪ್ಯಾಕ್ ಇರುವ ಡಬ್ಬಿ, ಪ್ರತಿ ಬಾಟಲಿ ಮೇಲೆ ನಿಮ್ಮ ಹೆಸರು, ತಾರೀಕು, ಗಂಟೆ. ಹೊರಗೆ ಎಷ್ಟು ಗಂಟೆ, ಫ್ರಿಜ್ಜಿನಲ್ಲಿ ಎಷ್ಟು ದಿನ ಅನ್ನುವುದಕ್ಕೆ ಇಂಟರ್‌ನೆಟ್ ಲೆಕ್ಕ ಬೇಡ, ಅವು ಹೆಚ್ಚಾಗಿ ಆರೋಗ್ಯವಾಗಿರುವ ಮಕ್ಕಳಿಗೆ ಹೇಳಿದ್ದು. ನಿಮ್ಮ ಎನ್‌ಐಸಿಯು ಹೇಳಿದ್ದೇ ಲೆಕ್ಕ. ಫ್ರಿಜ್ಜಿನ ಬಾಗಿಲಲ್ಲಿ ಇಡಬೇಡಿ, ಒಳಗೆ ಹಿಂದೆ ಇಡಿ. ಹಾಲನ್ನು ಕುದಿಸಬೇಡಿ, ಮೈಕ್ರೋವೇವ್ ಬೇಡ, ಬಿಸಿನೀರಿನ ಬಟ್ಟಲಲ್ಲಿ ಕೂರಿಸಿದರೆ ಸಾಕು.

ನನ್ನ ಮಗಳು 35ನೇ ವಾರದಲ್ಲಿ ಮೊದಲ ಸಲ ಎದೆಗೆ ಬಾಯಿ ಹಾಕಿ ಸರಿಯಾಗಿ ಎಳೆದಳು. ಆರು ಸಲ ಎಳೆದು ನಿದ್ದೆ ಹೋದಳು. ಮುಂಚೆ, ಆಮೇಲೆ ತೂಕ ಹಾಕಿದರು, ವ್ಯತ್ಯಾಸ 4 ಗ್ರಾಂ. ಮಿಕ್ಕಿದ್ದು ಒಳಲೆಯಲ್ಲಿ. ಮನೆಗೆ ಬಂದಾಗ 1 ಕೆಜಿ 910, ದಿನಕ್ಕೆ ಎರಡು ಊಟ ಎದೆಯಿಂದ, ಆರು ಒಳಲೆಯಿಂದ. ಪೂರ್ತಿ ಎದೆಗೆ ಬರಲು ಇನ್ನೂ ಏಳು ವಾರ ಬೇಕಾಯಿತು, ಮಧ್ಯೆ ಎರಡು ಸಲ ಬಿಟ್ಟುಬಿಡೋಣ ಅನಿಸಿತ್ತು. ಆ ಹೊತ್ತಿಗೆ ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಹಿಂದೆ ಇಪ್ಪತ್ತಾರು ಪುಟ್ಟ ಬಾಟಲಿ ಉಳಿದಿದ್ದವು. ಹಾಲಿನ ಬ್ಯಾಂಕಿಗೆ ಫೋನ್ ಮಾಡಿದೆ. ರಕ್ತಪರೀಕ್ಷೆ ಹೊಸದಾಗಿ ಮಾಡಿಸಬೇಕು ಅಂದರು. ಅತ್ತೆಯೇ ಮಗುವನ್ನು ನೋಡಿಕೊಳ್ಳುತ್ತೇನೆ, ಹೋಗಿ ಮಾಡಿಸಿಕೊಂಡು ಬಾ ಅಂದರು.